ಪೆಟ್ಟಿಗೆಯಲ್ಲಿ ಬಂದ ಅರ್ಧ ಹತ್ತರಿ

ಹೊಸ ಹತ್ತರಿಯೊಂದನ್ನು ಪೆಟ್ಟಿಗೆಯಿಂದ ತೆಗೆದು, ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಬಳಿದ ಎಣ್ಣೆಯನ್ನು ಒರೆಸಿ, ತಲೆಕೆಳಗಾಗಿ ಹಿಡಿಯಿರಿ. ತಳದ ಉದ್ದಕ್ಕೂ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕಿಟಕಿಯ ಕಡೆ ತಿರುಗಿಸಿ ನೋಡಿ. ಸ್ಕೇಲಿನ ಕೆಳಗೆ ಬೆಳಕಿನ ಗೆರೆ ಕಾಣದಿದ್ದರೆ ನೀವು ಅದೃಷ್ಟವಂತರು. ಕಡಿಮೆ ಬೆಲೆಯ ಹತ್ತರಿಗಳಲ್ಲಿ ಬಹುಮಟ್ಟಿಗೆ ಕಾಣುತ್ತದೆ. ಅದೂ ಎಲ್ಲಿ ಕಾಣಬಾರದೋ ಅಲ್ಲೇ, ಅಲಗು ಹೊರಬರುವ ಬಾಯಿಯ ಮುಂದೆಯೇ. ಆ ಜಾಗ ಮರವನ್ನು ಅದುಮಿ ಹಿಡಿದಿದ್ದರೆ ಮಾತ್ರ ಸಿಪ್ಪೆ ತೆಳ್ಳಗೆ ಸುರುಳಿಯಾಗಿ ಬರುತ್ತದೆ. ಅದುಮದಿದ್ದರೆ ನಾರು ಕಿತ್ತುಕೊಂಡು ಬಂದು ಹಲಗೆಯ ಮೈಯೆಲ್ಲ ಸಿಬಿರೇಳುತ್ತದೆ.

ಹತ್ತರಿ ಒಂದರದ್ದೇ ಪಾಡಲ್ಲ. ಉಳಿಯ ಬೆನ್ನು ಉಬ್ಬಿರುತ್ತದೆ, ಮೂಲೆಮಟ್ಟ ತೊಂಬತ್ತು ಡಿಗ್ರಿಗೆ ಒಂದು ಕೂದಲೆಳೆ ಕಡಿಮೆ ಬೀಳುತ್ತದೆ, ಗರಗಸ ಗೆರೆ ಬಿಟ್ಟು ಒಂದೇ ಕಡೆಗೆ ವಾಲುತ್ತದೆ, ಸುತ್ತಿಗೆಯ ಕಾವು ಮೊದಲ ವಾರವೇ ಅಲ್ಲಾಡುತ್ತದೆ, ಸ್ಪ್ಯಾನರಿನ ಬಾಯಿ ಜಾರಿ ನಟ್ಟಿನ ಮೂಲೆ ತಿನ್ನುತ್ತದೆ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಾಗಲಿ, ವಾಪಸ್ ಒಯ್ದು ತೋರಿಸಿದರೆ ಸಿಗುವ ಉತ್ತರದ ಧಾಟಿ ಒಂದೇ: “ಎಲ್ಲಾ ಪೀಸೂ ಹಿಂಗೇ ಬರ್ತವೆ ಸಾರ್. ಸ್ವಲ್ಪ ಉಜ್ಕೊಂಡ್ರೆ ಸರಿಹೋಗುತ್ತೆ.”

ಆ ಉತ್ತರವನ್ನು ಹಾರಿಕೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಉಜ್ಜಿದರೆ ಸರಿಹೋಗುವ ದೋಷಗಳು ನಿಜಕ್ಕೂ ಇವೆ. ಏನು ಮಾಡಿದರೂ ಸರಿಹೋಗದ ದೋಷಗಳೂ ಇವೆ. ಇವೆರಡನ್ನೂ ಬೇರೆ ಮಾಡಿ ನೋಡಲು ಬಾರದವರು ಒಳ್ಳೆಯ ಉಪಕರಣವನ್ನು ತಿಪ್ಪೆಗೆ ಎಸೆಯುತ್ತಾರೆ, ಇಲ್ಲವೇ ಕೆಟ್ಟದ್ದನ್ನು ಉಜ್ಜುತ್ತ ಕೂತು ಭಾನುವಾರವೆಲ್ಲ ಕಳೆಯುತ್ತಾರೆ. ಇನ್ನೊಂದು ಪ್ರಶ್ನೆಯನ್ನು ಅಂಗಡಿಯವರು ಎತ್ತುವುದೇ ಇಲ್ಲ: ಆ ಉಜ್ಜುವ ಕೆಲಸದ ಕೂಲಿ ಯಾರದು?

ನಕ್ಷೆ ಒಂದೇ, ಕೆಲಸ ಬೇರೆ

ಇಂದು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಹತ್ತರಿಗಳಲ್ಲಿ ಬಹುಪಾಲು ಅಮೆರಿಕದ ಲಿಯೊನಾರ್ಡ್ ಬೇಯ್ಲಿ ಎಂಬಾತ 1850–60ರ ದಶಕಗಳಲ್ಲಿ ರೂಪಿಸಿದ ನಕ್ಷೆಯ ಮಕ್ಕಳು ಮೊಮ್ಮಕ್ಕಳು. 45 ಡಿಗ್ರಿ ಓರೆಯಲ್ಲಿ ಕೂರುವ ಅಲಗು, ಅದನ್ನು ಮೇಲೆ ಕೆಳಗೆ ಸರಿಸುವ ಹಿತ್ತಾಳೆಯ ತಿರುಪು, ಅಲಗನ್ನು ಅದುಮಿ ಹಿಡಿಯುವ ಲಿವರ್ ಕ್ಯಾಪ್. 1869ರಲ್ಲಿ ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿ ಬೇಯ್ಲಿಯ ಪೇಟೆಂಟುಗಳನ್ನು ಕೊಂಡಿತು. ಆ ಪೇಟೆಂಟುಗಳ ಅವಧಿ ಮುಗಿದು ಯಾವುದೋ ಕಾಲವಾಯಿತು. ಈಗ ಯಾರು ಬೇಕಾದರೂ, ಎಲ್ಲಿ ಬೇಕಾದರೂ ಅದೇ ಹತ್ತರಿಯನ್ನು ಎರಕ ಹೊಯ್ಯಬಹುದು. ದುಬಾರಿ ಹತ್ತರಿಗೂ ಅಗ್ಗದ ಹತ್ತರಿಗೂ ನಕ್ಷೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎರಡು ಕೆ.ಜಿ.ಗೂ ಕಡಿಮೆ ತೂಗುವ ಆ ಕಬ್ಬಿಣಕ್ಕೆ ಬೀಳುವ ಹಣವೂ ಅಷ್ಟು ದೊಡ್ಡದಲ್ಲ. ಹಣ ತಿನ್ನುವುದು ಎರಕದ ನಂತರದ ಕೆಲಸ: ಕಾಯಿಸಿ ಆರಿಸುವುದು, ತಳ ಮಟ್ಟಸ ಮಾಡುವುದು, ಅಲಗು ಕೂರುವ ಪೀಠವನ್ನು ಸಮ ಮಾಡುವುದು, ಕೊನೆಗೆ ಒಬ್ಬರು ಕೈಗೆತ್ತಿಕೊಂಡು ನೋಡುವುದು. ಬೆಲೆ ಇಳಿಸಬೇಕೆಂದಾಗ ಕತ್ತರಿ ಬೀಳುವುದು ಇವುಗಳ ಮೇಲೆಯೇ.

ಎರಕದ್ದು ಅದರದೇ ಸ್ವಭಾವ. ಹತ್ತರಿಯ ಮೈ ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಬಾಯಿ. ಕರಗಿದ ಕಬ್ಬಿಣ ಅಚ್ಚಿನೊಳಗೆ ಆರುವಾಗ ತೆಳುಭಾಗ ಬೇಗ ಗಟ್ಟಿಯಾಗಿ ದಪ್ಪಭಾಗ ನಿಧಾನಕ್ಕೆ ಕುಗ್ಗುತ್ತದೆ. ಬಿಸಿಲಿಗಿಟ್ಟ ಹಪ್ಪಳದ ಅಂಚು ಮೊದಲು ಒಣಗಿ ಮೈ ಸೊಟ್ಟಗಾಗುತ್ತದಲ್ಲ, ಹಾಗೆ. ಲೋಹ ಮೇಲೆ ನೆಟ್ಟಗೆ ಕಂಡರೂ ಒಳಗೆ ಬಿಗಿತ ಉಳಿದುಕೊಳ್ಳುತ್ತದೆ. ಹಿಂದಿನ ಕಾರ್ಖಾನೆಗಳಲ್ಲಿ ಎರಕಗಳನ್ನು ಅಂಗಳದಲ್ಲಿ ಬಿಸಿಲು ಮಳೆಗೆ ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಕೆತ್ತನೆಗೆ ತೆಗೆದುಕೊಳ್ಳುವ ವಾಡಿಕೆಯಿತ್ತು. ಈಗ ಕುಲುಮೆಯಲ್ಲಿ ಐನೂರು ಆರುನೂರು ಡಿಗ್ರಿಗೆ ಕಾಯಿಸಿ ಮೆಲ್ಲಗೆ ಆರಿಸುತ್ತಾರೆ. ಬೆಳಗಾವಿಯ ಯಾವ ಫೌಂಡ್ರಿಯವರನ್ನು ಕೇಳಿದರೂ ಈ ಲೆಕ್ಕ ಬಾಯಿಪಾಠ ಒಪ್ಪಿಸುತ್ತಾರೆ. ಈ ಹಂತವನ್ನು ಹಾರಿಸಿದರೆ ಕಾರ್ಖಾನೆಯಲ್ಲಿ ನೆಟ್ಟಗೆ ಕೆತ್ತಿದ ತಳವೇ ಗೋದಾಮಿನಲ್ಲಿ ಕೂತಿದ್ದಾಗ ಬಾಗಬಹುದು. ಕೆತ್ತಿದವರು ಅಳೆದು ನೋಡಿದ್ದು ಸುಳ್ಳಲ್ಲ. ನೀವು ಕಂಡಿದ್ದೂ ಸುಳ್ಳಲ್ಲ.

ನಮ್ಮ ದೇಶದ ಕೈ ಉಪಕರಣಗಳಲ್ಲಿ ದೊಡ್ಡ ಪಾಲು ಪಂಜಾಬಿನ ಜಲಂಧರ್, ಲುಧಿಯಾನಾಗಳಿಂದ, ಸ್ವಲ್ಪ ರಾಜಸ್ಥಾನದ ನಾಗೌರ್ ಕಡೆಯಿಂದ ಬರುತ್ತದೆ. ಜಲಂಧರ್‌ನಲ್ಲಿ ಇದಕ್ಕೆಂದೇ 1983ರಲ್ಲಿ ಕೇಂದ್ರ ಸರ್ಕಾರದ ಕೈ ಉಪಕರಣ ಸಂಸ್ಥೆಯೂ ಶುರುವಾಯಿತು. ಅಲ್ಲಿಂದ ಹೊರದೇಶಗಳಿಗೂ ಮಾಲು ಹೋಗುತ್ತದೆ, ಅಂದರೆ ಚೆನ್ನಾಗಿ ಮಾಡಲು ಬಾರದೆಂದಲ್ಲ. ಕೊಳ್ಳುವವನು ಏನು ಕೇಳುತ್ತಾನೋ, ಎಷ್ಟು ಕೊಡುತ್ತಾನೋ ಅದಕ್ಕೆ ತಕ್ಕ ಮಾಲು ತಯಾರಾಗುತ್ತದೆ.

ಎಂಬತ್ತರಲ್ಲಿ ಐದು

“ಕ್ವಾಲಿಟಿ ಚೆಕ್ಡ್” ಎಂದು ಚೀಟಿ ಅಂಟಿಸಿದ್ದರೂ ಹೀಗೇಕೆ ಎಂದು ಸಿಟ್ಟಾಗುವವರು ಆ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದಿರಬೇಕು. ಕಾರ್ಖಾನೆಯಲ್ಲಿ ಪ್ರತಿಯೊಂದು ಉಳಿಯನ್ನೂ ಯಾರೂ ನೋಡುವುದಿಲ್ಲ. ಲಾಟಿನಿಂದ ಕೆಲವನ್ನು ಆರಿಸಿ ನೋಡುತ್ತಾರೆ. ಎಷ್ಟು ಆರಿಸಬೇಕು, ಎಷ್ಟು ಕೆಟ್ಟಿದ್ದರೆ ಲಾಟನ್ನು ತಿರಸ್ಕರಿಸಬೇಕು ಎಂಬುದಕ್ಕೆ ಕೋಷ್ಟಕಗಳಿವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಡಾಜ್ ಮತ್ತು ರೋಮಿಗ್ ಈ ಲೆಕ್ಕಕ್ಕೆ ಬುನಾದಿ ಹಾಕಿದರು. ಅಮೆರಿಕದ ಸೇನೆ 1950ರಲ್ಲಿ ಅದನ್ನು ತನ್ನ ಖರೀದಿಯ ಮಾನದಂಡ ಮಾಡಿಕೊಂಡಿತು. ಇಂದು ಐಎಸ್‌ಒ 2859 ಎಂಬ ಹೆಸರಿನಲ್ಲಿ ಜಗತ್ತಿಡೀ ಬಳಕೆಯಲ್ಲಿದೆ. ಅದರ ಸಾಮಾನ್ಯ ಹಂತದ ಕೋಷ್ಟಕದಂತೆ 1000 ಉಳಿಗಳ ಲಾಟಿನಿಂದ 80 ಉಳಿಗಳನ್ನು ತೆಗೆಯಬೇಕು. ಒಪ್ಪಿಕೊಂಡ ದೋಷಮಿತಿ ಶೇ 2.5 ಆಗಿದ್ದರೆ, ಆ 80ರಲ್ಲಿ 5 ಕೆಟ್ಟಿದ್ದರೂ ಇಡೀ ಲಾಟು ಪಾಸು. 6 ಸಿಕ್ಕರೆ ಫೇಲು.

ಇದರಲ್ಲಿ ಮೋಸವೇನೂ ಇಲ್ಲ. ಸಗಟು ಕೊಳ್ಳುವವನ ದೃಷ್ಟಿಯಿಂದ ಇದು ಜಾಣ ಲೆಕ್ಕ, ಸಾವಿರದಲ್ಲಿ ಇಪ್ಪತ್ತು ಕೆಟ್ಟರೆ ಅವನಿಗೆ ನಷ್ಟ ಅಷ್ಟಕ್ಕಷ್ಟೇ. ಬಡಗಿ ಕೊಳ್ಳುವುದು ಮಾತ್ರ ಒಂದೇ ಉಳಿ. ಅವನ ಕೈಗೆ ಬಂದದ್ದು ಆ ಇಪ್ಪತ್ತರಲ್ಲಿ ಒಂದಾಗಿದ್ದರೆ ಅವನ ಪಾಲಿಗೆ ದೋಷ ನೂರಕ್ಕೆ ನೂರು. ಈ ವಿದ್ಯೆ ಭಾರತಕ್ಕೆ ಹೊಸದೂ ಅಲ್ಲ. ಗುಣನಿಯಂತ್ರಣದ ನಕ್ಷೆಯನ್ನು (ಕಂಟ್ರೋಲ್ ಚಾರ್ಟ್) 1924ರಲ್ಲಿ ಮೊದಲು ಬರೆದ ವಾಲ್ಟರ್ ಶೂಹಾರ್ಟ್ ಅವರನ್ನು ಪಿ.ಸಿ. ಮಹಾಲನೋಬಿಸ್ 1947–48ರಲ್ಲಿ ಇಲ್ಲಿಗೆ ಕರೆಸಿದ್ದರು. ಮಹಾಲನೋಬಿಸರ ಭಾರತೀಯ ಸಾಂಖ್ಯಿಕ ಸಂಸ್ಥೆ ಮುಂದಿನ ದಶಕದಲ್ಲಿ ಕಾರ್ಖಾನೆಗಳಿಗಾಗಿ ಗುಣನಿಯಂತ್ರಣದ ಘಟಕಗಳನ್ನು ತೆರೆದಾಗ ಬೆಂಗಳೂರಿಗೂ ಒಂದು ಬಂತು. ವಿಮಾನ, ಟೆಲಿಫೋನು ಮಾಡುವ ಊರಿಗೆ ಅದು ಬೇಕಿತ್ತು. ಹದಿನೈದು ಇಪ್ಪತ್ತು ಜನರ ಉಳಿ ಕಾರ್ಖಾನೆಗೆ ಅದೆಲ್ಲ ಎಷ್ಟು ತಲುಪಿತು ಎಂಬುದನ್ನು ಉಳಿಯ ಬೆನ್ನೇ ಹೇಳುತ್ತದೆ. ಹಾಗಾಗಿ ಕೊನೆಯ ಇನ್‌ಸ್ಪೆಕ್ಟರು ಕೊಳ್ಳುವವರೇ.

ಮಗುಚಿ ನೋಡಿ

ಇನ್‌ಸ್ಪೆಕ್ಟರಿನ ಆ ಕೆಲಸಕ್ಕೆ ದುಬಾರಿ ಸಲಕರಣೆ ಬೇಡ. ಮೂಲೆಮಟ್ಟವನ್ನು ಪ್ಲೈವುಡ್ಡಿನ ನೇರ ಅಂಚಿಗೆ ಒತ್ತಿ ಹಿಡಿದು ಚೂಪಾದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮಗುಚಿ ಇನ್ನೊಂದು ಬದಿಯಿಂದ ಅದೇ ಜಾಗಕ್ಕೆ ತಂದು ಮತ್ತೆ ಎಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಬಂದರೆ ಮಟ್ಟ ಸರಿ. ಮೇಲೆ ಹೋದಂತೆ ಬೇರೆಯಾದರೆ, ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ತಪ್ಪು ತನ್ನನ್ನೇ ದೊಡ್ಡದಾಗಿ ತೋರಿಸಿಕೊಳ್ಳುವುದರಿಂದಲೇ ಈ ಪರೀಕ್ಷೆ ಇಷ್ಟು ಸೊಗಸು. ರಸಮಟ್ಟಕ್ಕೂ ಇದೇ ಉಪಾಯ: ಗೋಡೆಗೋ ಮೇಜಿಗೋ ಇಟ್ಟು ಗುಳ್ಳೆ ನಿಂತ ಜಾಗ ನೋಡಿ, ಎಡಬಲ ಅದಲು ಬದಲು ಮಾಡಿ ಮತ್ತೆ ಅಲ್ಲೇ ಇಡಿ. ಮೇಜು ಓರೆಯಾಗಿದ್ದರೂ ಚಿಂತೆಯಿಲ್ಲ, ಗುಳ್ಳೆ ಎರಡು ಸಲವೂ ಮೇಜಿನ ಒಂದೇ ಕಡೆಗೆ ಅಷ್ಟೇ ಸರಿದಿರಬೇಕು. ಅಂಗಡಿಯ ಕೌಂಟರಿನ ಮೇಲೆಯೇ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ. ಮೇಸ್ತ್ರಿಗಳು ಇದನ್ನು ಮಾಡುತ್ತಾರೆ; ಮನೆ ಕಟ್ಟಿಸುವ ಮಾಲೀಕರು ಮಾಡುವುದು ಕಡಿಮೆ.

ದೋಷವಲ್ಲದ ದೋಷವೂ ಒಂದಿದೆ. ಟೇಪಿನ ತುದಿಯ ಕೊಕ್ಕೆ ಸಡಿಲವಾಗಿ ಅಲ್ಲಾಡುತ್ತದೆಂದು ವಾಪಸ್ ತರುವವರಿದ್ದಾರೆ, ಸುತ್ತಿಗೆಯಿಂದ ರಿವೆಟ್ ಬಡಿದು ಬಿಗಿ ಮಾಡುವವರೂ ಇದ್ದಾರೆ. ಆ ಕೊಕ್ಕೆ ಅಲ್ಲಾಡಲೇಬೇಕು. ಹೊರ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಕ್ಕೆ, ಒಳಗೋಡೆಗೆ ಒತ್ತಿದಾಗ ಒಳಕ್ಕೆ ತನ್ನದೇ ದಪ್ಪದಷ್ಟು ಸರಿದರೆ ಮಾತ್ರ ಎರಡೂ ಅಳತೆ ಸರಿ ಬರುತ್ತದೆ. ಬಡಿದು ಬಿಗಿ ಮಾಡಿದ ದಿನದಿಂದ ಟೇಪು ಸುಳ್ಳು ಹೇಳುತ್ತದೆ.

ಸಮತಲವನ್ನು ಯಾವುದಕ್ಕೆ ಹೋಲಿಸಿ ಸಮವೆನ್ನುವುದು ಎಂಬ ಪ್ರಶ್ನೆ ಹಳೆಯದು. ಎರಡು ಕಬ್ಬಿಣದ ಹಲಗೆಗಳನ್ನು ಒಂದಕ್ಕೊಂದು ಉಜ್ಜಿದರೆ ಅವು ಹೊಂದಿಕೊಳ್ಳುತ್ತವೆ ನಿಜ, ಆದರೆ ಒಂದು ಉಬ್ಬಿ ಇನ್ನೊಂದು ಕುಳಿಬಿದ್ದಿದ್ದರೂ ಹೊಂದಿಕೊಳ್ಳುತ್ತವೆ. ಮೂರು ಹಲಗೆಗಳನ್ನು ತೆಗೆದುಕೊಂಡು ಒಂದೊಂದನ್ನೂ ಉಳಿದೆರಡಕ್ಕೂ ಸರದಿಯ ಮೇಲೆ ಹೊಂದಿಸುತ್ತ ಹೋದರೆ ಮೂರೂ ಸಮವಾಗದೆ ಬೇರೆ ದಾರಿಯಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ಥ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ ಇದನ್ನು ವಿವರಿಸಿದ. ಅವನ ಗುರು ಹೆನ್ರಿ ಮಾಡ್‌ಸ್ಲೆಯ ಕಾರ್ಯಾಗಾರದಲ್ಲೇ ಇದು ನಡೆಯುತ್ತಿತ್ತೆನ್ನುವವರೂ ಇದ್ದಾರೆ. ಯಾರದಾದರೂ ಆಗಲಿ, ಸವೆದು ಕುಳಿಬಿದ್ದ ಸಾಣೆಕಲ್ಲುಗಳನ್ನು ಸಮ ಮಾಡಿಕೊಳ್ಳಲು ಈಗಲೂ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಮೂರು ಕಲ್ಲು, ಒಂದಷ್ಟು ನೀರು. ನಮ್ಮ ಐಟಿಐಗಳ ಫಿಟ್ಟರ್ ಹುಡುಗರು ಮೊದಲ ವಾರಗಳಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜುವುದು, ಮೂಲೆಮಟ್ಟವಿಟ್ಟು ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದನ್ನೇ ಮಾಡುತ್ತಾರೆ. ಬೇಸರದ ಕೆಲಸ. ಅವರಲ್ಲಿ ಹೆಚ್ಚಿನವರು ಮುಂದೆ ಅರ ಹಿಡಿಯದೆ ಇರಬಹುದು, ಆದರೆ ಹೊಸ ಉಪಕರಣವನ್ನು ಕಂಡಕೂಡಲೇ ಬೆಳಕಿಗೆ ಹಿಡಿಯುವ ಚಾಳಿ ಕೈಬಿಡುವುದಿಲ್ಲ.

ಉಜ್ಜುವುದಾದರೆ

ಹತ್ತರಿಗೆ ಬರೋಣ. ತಳದ ಕುಳಿ ಎಷ್ಟೆಂದು ತಿಳಿಯಲು ಸ್ಕೂಟರ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಸಾಕು. ಸ್ಕೇಲಿನ ಕೆಳಗೆ 0.05 ಮಿ.ಮೀ. ಎಲೆ ತೂರದಿದ್ದರೆ ಮನೆ ಬಾಗಿಲು, ಕಿಟಕಿ, ಮೇಜಿನ ಕೆಲಸಕ್ಕೆ ಅದು ಧಾರಾಳ ಸಮ, ಮುಟ್ಟಬೇಡಿ. 0.1ರ ಆಸುಪಾಸಾದರೆ ಉಜ್ಜಬಹುದು. 0.3 ದಾಟಿದರೆ ಅದನ್ನು ಉಜ್ಜಿ ಮುಗಿಸುವ ಹೊತ್ತಿಗೆ ಉಪ್ಪುಕಾಗದದ ಖರ್ಚು, ಕೈನೋವು ಎರಡೂ ಹೊಸ ಹತ್ತರಿಯ ಬೆಲೆಗೆ ಬಂದು ನಿಲ್ಲುತ್ತವೆ, ವಾಪಸ್ ಕೊಡಿ. ತಳ ತಿರುಚಿಕೊಂಡಿದ್ದರೂ, ಅಂದರೆ ಎದುರುಬದುರು ಮೂಲೆಗಳು ಎದ್ದಿದ್ದರೂ, ವಾಪಸ್.

ಉಜ್ಜುವುದಕ್ಕೆ ದಪ್ಪ ಗಾಜು ಒಳ್ಳೆಯದು, 10–12 ಮಿ.ಮೀ.ನದು. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ತುಂಡುಗಳು ಅಂಗಡಿಗಳಲ್ಲಿ ಪುಕ್ಕಟೆಗೆ ಹತ್ತಿರದ ಬೆಲೆಗೆ ಸಿಗುತ್ತವೆ, ಆದರೆ ಪಾಲಿಷ್ ಹೊಳೆದ ಮಾತ್ರಕ್ಕೆ ಕಲ್ಲು ಸಮವೆಂದಲ್ಲ, ಮೊದಲು ಅದಕ್ಕೂ ಸ್ಕೇಲು ಇಟ್ಟು ನೋಡಬೇಕು. ಗಾಜಾದರೆ ಅದರ ಕೆಳಗಿನ ಮೇಜು ಸಮವಿರಬೇಕು, ಗಾಜೂ ಬಾಗುತ್ತದೆ. ಅದರ ಮೇಲೆ 80 ನಂಬರಿನ ಕಾಗದವನ್ನು ಸುಕ್ಕಿಲ್ಲದಂತೆ ಅಂಟಿಸಿ, ತಳದ ತುಂಬ ಮಾರ್ಕರ್ ಪೆನ್ನಿನಿಂದ ಅಡ್ಡಡ್ಡ ಗೆರೆ ಹಾಕಿ. ಅಲಗನ್ನು ಬಿಚ್ಚಿಡಬಾರದು. ಒಳಕ್ಕೆ ಎಳೆದುಕೊಂಡು ಲಿವರ್ ಕ್ಯಾಪನ್ನು ಕೆಲಸಕ್ಕೆ ಹಾಕುವಷ್ಟೇ ಬಿಗಿ ಹಾಕಿಡಬೇಕು, ಏಕೆಂದರೆ ಆ ಬಿಗಿತವೇ ಮೈಯನ್ನು ಕೂದಲಿನಷ್ಟು ಬಾಗಿಸುತ್ತದೆ. ಸಡಿಲಿಟ್ಟು ಸಮ ಮಾಡಿದ ತಳ ಬಿಗಿ ಹಾಕಿದಾಗ ಮತ್ತೆ ಸೊಟ್ಟ. ನಾಲ್ಕಾರು ಸಲ ಹಿಂದೆ ಮುಂದೆ ಉಜ್ಜಿ ತಿರುಗಿಸಿದರೆ ಮಸಿ ಅಳಿಸಿದ ಜಾಗ ಎತ್ತರದ್ದು, ಉಳಿದ ಜಾಗ ತಗ್ಗಿನದು ಎಂದು ತಾನಾಗಿ ಕಾಣುತ್ತದೆ. ಮುಂಭಾಗದ ತುದಿ, ಬಾಯಿಯ ಮುಂದಿನ ಅಂಚು, ಹಿಂಭಾಗದ ತುದಿ, ಈ ಮೂರೂ ಕಡೆ ಮಸಿ ಅಳಿಸಿತೋ, ಅಲ್ಲಿಗೆ ನಿಲ್ಲಿಸಿ. ನಡುವೆ ಅಲ್ಲಲ್ಲಿ ಮಸಿ ಉಳಿದರೆ ಉಳಿಯಲಿ. ಇಡೀ ತಳ ಕನ್ನಡಿಯಾಗಬೇಕೆಂಬ ಹುಚ್ಚು ಹಿಡಿದವರು ಕಾಗದದ ಅಂಚಿನಲ್ಲಿ ಎದ್ದ ಅಲೆಯಿಂದ ತುದಿಗಳನ್ನೇ ಸವೆಸಿ ಹಿಂದಿಗಿಂತ ಕೆಡಿಸುತ್ತಾರೆ.

ಉಳಿಯ ಬೆನ್ನಿಗೆ, ಅಂದರೆ ಓರೆಯಿಲ್ಲದ ಚಪ್ಪಟೆ ಮುಖಕ್ಕೆ, ನಿಯಮ ಇನ್ನೂ ಸುಲಭ. ಕುಳಿಬಿದ್ದ ಬೆನ್ನು ಪರವಾಗಿಲ್ಲ. ಜಪಾನಿನವರು ತಮ್ಮ ಉಳಿಗಳ ಬೆನ್ನನ್ನು ಬೇಕೆಂದೇ ಕುಳಿ ಮಾಡುತ್ತಾರೆ. ಉಬ್ಬಿದ ಬೆನ್ನು ಕಾಟ ಕೊಡುವುದು. ಕಲ್ಲಿನ ಮೇಲಿಟ್ಟರೆ ತೊಟ್ಟಿಲಾಡುತ್ತದೆ, ಎಷ್ಟು ಉಜ್ಜಿದರೂ ಉಬ್ಬು ಹಾಗೆಯೇ ಉಳಿಯುತ್ತದೆ. ಕೊಳ್ಳುವಾಗಲೇ ಎರಡು ಉಳಿಗಳ ಬೆನ್ನಿಗೆ ಬೆನ್ನು ಸೇರಿಸಿ ಬೆಳಕಿಗೆ ಹಿಡಿದು, ಉಬ್ಬಿದ್ದನ್ನು ಅಲ್ಲೇ ಬಿಟ್ಟುಬನ್ನಿ. ಗರಗಸ ಒಂದು ಕಡೆಗೆ ವಾಲುತ್ತಿದ್ದರೆ ಆ ಕಡೆಯ ಹಲ್ಲುಗಳು ಹೆಚ್ಚು ಹೊರಕ್ಕೆ ಬಾಗಿವೆ ಎಂದರ್ಥ. ಆ ಪಕ್ಕಕ್ಕೆ ನುಣುಪಾದ ಸಾಣೆಕಲ್ಲನ್ನು ಒಂದೆರಡು ಸಲ ಹಗುರವಾಗಿ ಸವರಿ, ಕೊಯ್ದು ನೋಡಿ, ಬೇಕಿದ್ದರೆ ಮತ್ತೆ ಸವರಿ.

ಉಕ್ಕಿನ ಒಳಗಿನ ಮಾತು

ಇದುವರೆಗೆ ಹೇಳಿದ್ದೆಲ್ಲ ಆಕಾರದ ದೋಷ. ಕಣ್ಣಿಗೆ ಕಾಣುವಂಥದ್ದು, ಕೈಗೆ ದಕ್ಕುವಂಥದ್ದು. ಹದದ ದೋಷ ಹಾಗಲ್ಲ. ಉಳಿಯ ಉಕ್ಕಿನಲ್ಲಿ ಇಂಗಾಲ ಸಾಧಾರಣವಾಗಿ ಶೇ 0.8ರಿಂದ 1ರಷ್ಟಿರುತ್ತದೆ. ಅದನ್ನು ಸುಮಾರು 780–800 ಡಿಗ್ರಿಗೆ ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದರೆ ತೀರ ಗಡಸಾಗುತ್ತದೆ, ಜೊತೆಗೆ ಏಟಿಗೆ ಸೀಳುವಷ್ಟು ಪೆಡಸೂ ಆಗುತ್ತದೆ. ಆ ಪೆಡಸು ಕಳೆಯಲು ಮತ್ತೆ 200–250 ಡಿಗ್ರಿಗೆ ಮೆಲ್ಲಗೆ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಆಗ ಒಣಹುಲ್ಲಿನ ಬಣ್ಣ ಬರುತ್ತದೆ. ಬಿಟ್ಟರೆ ಕಂದು, ನೇರಳೆ, ಮುನ್ನೂರು ಡಿಗ್ರಿ ಹೊತ್ತಿಗೆ ನೀಲಿ. ಕಮ್ಮಾರರು ಥರ್ಮಾಮೀಟರಿಲ್ಲದೆ ಓದುತ್ತಿದ್ದುದು ಈ ಬಣ್ಣಗಳನ್ನೇ. ಹೊಸ ಉಳಿಯ ತುದಿಯಲ್ಲಿ ನೀಲಿ ಕಂಡರೆ ಯಾರೋ ಅವಸರದಲ್ಲಿ ಗ್ರೈಂಡರಿಗೆ ಒತ್ತಿ ಹದ ಸುಟ್ಟಿದ್ದಾರೆ. ಅಷ್ಟು ಉದ್ದವನ್ನು ನೀರಿಗದ್ದುತ್ತ ಮೆಲ್ಲಗೆ ಸವೆಸಿ ತೆಗೆದರೆ ಒಳಗಿನದು ಚೆನ್ನಾಗಿರಬಹುದು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕುಲುಮೆಯಲ್ಲಿ ಕಾಯುವಾಗ ಉಕ್ಕಿನ ಹೊರಪದರದ ಇಂಗಾಲ ಗಾಳಿಯ ಜೊತೆ ಸೇರಿ ಹೊರಟುಹೋಗುತ್ತದೆ. ತೆಳುವಾದ ಆ ಹೊರಪದರ ಮೆದು. ಕಾರ್ಖಾನೆಯಲ್ಲಿ ಅದನ್ನು ಪೂರ್ತಿ ಸವೆಸಿ ತೆಗೆಯದಿದ್ದರೆ ಹೊಸ ಉಳಿಯ ಮೊದಲ ಅಂಚು ಆ ಮೆದು ಲೋಹದ್ದೇ ಆಗಿರುತ್ತದೆ. ನಾಲ್ಕು ಏಟಿಗೆ ಮಡಚಿಕೊಳ್ಳುತ್ತದೆ. ಎರಡು ಮೂರು ಸಲ ಸಾಣೆ ಹಿಡಿದ ಮೇಲೆ ಒಳಗಿನ ಗಟ್ಟಿ ಉಕ್ಕು ಮೇಲೆ ಬಂದು ಅದೇ ಉಳಿ ದಿನವಿಡೀ ನಿಲ್ಲುತ್ತದೆ. ಹೀಗಾಗಿ ಮೊದಲ ದಿನವೇ ತೀರ್ಪು ಕೊಡುವುದು ಅನ್ಯಾಯ. ಸಾಣೆ ಹಿಡಿಯದೆ ಉಳಿ ಒಳ್ಳೆಯದೋ ಕೆಟ್ಟದೋ ತಿಳಿಯುವುದಿಲ್ಲ. ಸಾಣೆ ಹಿಡಿದ ಉಳಿಯನ್ನು “ಯೂಸ್ ಮಾಡಿದೀರಿ” ಎಂದು ವಾಪಸ್ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್ ಅಂಗಡಿಯ ಏಳೋ ಹತ್ತೋ ದಿನದ ಗಡುವು ಮುಗಿಯುವುದು, ಉಳಿ ತನ್ನ ನಿಜಗುಣ ತೋರಿಸುವುದಕ್ಕೆ ಮೊದಲೇ. ಇಡೀ ವ್ಯವಹಾರದ ಸಿಕ್ಕು ಇರುವುದೇ ಇಲ್ಲಿ.

ಇದಕ್ಕೆ ಇರುವ ಉಪಾಯ ಅರ. ನುಣುಪು ಹಲ್ಲಿನ ಒಳ್ಳೆಯ ಅರದ ಮೂಲೆಯನ್ನು ಅಂಚಿನಿಂದ ಸ್ವಲ್ಪ ಹಿಂದೆ, ಪಕ್ಕದಲ್ಲಿ ಹಗುರವಾಗಿ ಎಳೆಯಿರಿ. ಹದ ಬಂದ ಉಕ್ಕಿನ ಮೇಲೆ ಅರ ಜಾರುತ್ತದೆ, ಅಥವಾ ಕಷ್ಟದಿಂದ ಕಚ್ಚುತ್ತದೆ. ಸರಾಗವಾಗಿ ಕಚ್ಚಿದರೆ ಅದೇ ಗೆರೆಯಲ್ಲಿ ಇನ್ನೊಮ್ಮೆ ಎಳೆಯಿರಿ. ಮೆದುವಿರುವುದು ಮೇಲಿನ ಪದರ ಮಾತ್ರವಾದರೆ ಕೆಳಗೆ ಜಾರುತ್ತದೆ. ಆಗಲೂ ಬೆಣ್ಣೆಯಂತೆ ಬಂದರೆ ಆ ಉಳಿ ಹದವನ್ನೇ ಕಂಡಿಲ್ಲ, ಅಥವಾ ಕಂಡೂ ಕೆಟ್ಟಿದೆ. ಅದನ್ನು ಉಜ್ಜಿ ಫಲವಿಲ್ಲ. ಅಂಚು ಮಡಚಿದರೆ ಮೆದು, ಮುಕ್ಕಾಗಿ ಉದುರಿದರೆ ಅತಿಗಡಸು ಎಂದು ಗುರುತಿಟ್ಟುಕೊಳ್ಳಿ. ಪರೀಕ್ಷೆಗೆ ತೇಗ ಬೇಡ. ಅದರಲ್ಲಿ ಸಿಲಿಕಾ ಇರುವುದರಿಂದ ಒಳ್ಳೆಯ ಅಲಗನ್ನೂ ಬೇಗ ಮೊಂಡು ಮಾಡುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ತುಂಡಿನ ಕೊಯ್ದ ತುದಿ ಸಾಕು.

ರಿಪೇರಿ ಮಾಡಬಾರದ್ದು

ಕೆಲವಕ್ಕೆ ತಾಳ್ಮೆ ತೋರಿಸಲೇಬಾರದು. ಸುತ್ತಿಗೆಯ ಮುಖದಲ್ಲಿ ಕೂದಲಿನಷ್ಟು ಬಿರುಕು ಕಂಡರೆ, ಅಥವಾ ಅಂಚಿನಿಂದ ಚಕ್ಕೆ ಎದ್ದರೆ, ಅದು ಕಣ್ಣಿಗೆ ಸಿಡಿಯುವ ಮೊದಲು ತಿಪ್ಪೆಗೆ. ಕಾವು ಸಡಿಲವಾದರೆ ಬೆಣೆ ಹೊಡೆಯಬಹುದು, ಆದರೆ ಕಾವಿನ ನಾರು ಉದ್ದಕ್ಕೆ ಓಡದೆ ಅಡ್ಡಕ್ಕೆ ಹೊರಬಿದ್ದಿದ್ದರೆ ಬೇರೆ ಕಾವು ಹಾಕಿಸಿ. ಗ್ರೈಂಡರಿನ ಸಾಣೆಚಕ್ರವನ್ನು ಕೂರಿಸುವ ಮೊದಲು ಬೆರಳಿನಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ಬಡಿಯಬೇಕು. ಕಣಕಣ ಎಂದರೆ ಸರಿ, ಮಂಕಾಗಿ ದಬ್ ಎಂದರೆ ಒಳಗೆ ಸೀಳಿದೆ. ಇನ್ನು ಕಟಿಂಗ್ ಪ್ಲೇಯರಿನ ಬಣ್ಣದ ಪ್ಲಾಸ್ಟಿಕ್ ಹಿಡಿ. ಅದು ಕೈಗೆ ಮೆತ್ತಗಿರಲೆಂದು ತೊಡಿಸಿದ್ದೋ ಕರೆಂಟ್ ತಡೆಯಲೆಂದು ತೊಡಿಸಿದ್ದೋ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಐಇಸಿ 60900 ಮಾನದಂಡದಂತೆ ಮಾಡಿದ್ದರ ಮೇಲೆ ಎರಡು ತ್ರಿಕೋನಗಳ ಗುರುತೂ 1000 ವೋಲ್ಟ್ ಎಂಬ ಬರಹವೂ ಅಚ್ಚಾಗಿರುತ್ತದೆ. ಅಂಥದ್ದನ್ನು ಒಂದೊಂದಾಗಿ 10,000 ವೋಲ್ಟ್ ಹಾಯಿಸಿ ನೋಡಿರುತ್ತಾರೆ. ಇಲ್ಲಿ ಎಂಬತ್ತರಲ್ಲಿ ಐದರ ಲೆಕ್ಕ ನಡೆಯುವುದಿಲ್ಲ. ಗುರುತಿಲ್ಲದ ಪ್ಲೇಯರನ್ನು ನಂಬಿ ಮೇನ್ ಸ್ವಿಚ್ ತೆಗೆಯದೆ ವೈರ್ ಮುಟ್ಟುವ ಎಲೆಕ್ಟ್ರಿಷಿಯನ್‌ಗಳನ್ನು ಕಂಡರೆ ಮೈ ಜುಮ್ಮೆನ್ನುತ್ತದೆ.

ಆಯದ ಗ್ಯಾರಂಟಿ

ಪೂರ್ತಿ ಮುಗಿಯದ ಉಪಕರಣವನ್ನು ಕೊಳ್ಳುವುದು ನಮಗೆ ಹೊಸತೇನಲ್ಲ. ಗುದ್ದಲಿ, ಕೊಡಲಿ, ಹಾರೆಗಳು ಸಂತೆಯಲ್ಲಿ ಈಗಲೂ ಕಾವಿಲ್ಲದೆ, ಅಂಚು ಮೊಂಡಾಗಿಯೇ ಸಿಗುತ್ತವೆ. ಕಾವು ನೀವೇ ಹಾಕಿಕೊಳ್ಳಬೇಕು, ನಿಮ್ಮ ಎತ್ತರಕ್ಕೆ, ನಿಮ್ಮ ಕೈಗೆ. ಲಾರಿಯ ಪ್ಲೇಟಿನಿಂದ ಬಡಿದ ಮಚ್ಚನ್ನು ಕಮ್ಮಾರ ಒರಟಾಗಿಯೇ ಕೊಡುತ್ತಾನೆ. ಆದರೆ ಅಲ್ಲಿ ದೋಷಕ್ಕೆ ವಿಳಾಸವಿತ್ತು. ಹಳೆಯ ಆಯಗಾರಿಕೆಯಲ್ಲಿ ಕಮ್ಮಾರ ಸುಗ್ಗಿಯ ಹೊತ್ತಿಗೆ ಕಣದಲ್ಲಿ ತನ್ನ ಪಾಲಿನ ಕಾಳು ಅಳೆಸಿಕೊಳ್ಳುತ್ತಿದ್ದ, ವರ್ಷವಿಡೀ ಕುಳ ತಟ್ಟಿಕೊಡುವುದು, ಕುಡುಗೋಲಿಗೆ ಹದ ಕೊಡುವುದು ಅದರಲ್ಲೇ ಸೇರಿತ್ತು. ಹದ ತಪ್ಪಿದ ಕುಡುಗೋಲು ಮಾರನೆಯ ದಿನವೇ ಅವನ ಕುಲುಮೆಗೆ ವಾಪಸ್ ಬರುತ್ತಿತ್ತು, ಹೊಸ ಇದ್ದಿಲಿನ ಖರ್ಚು ಅವನ ತಲೆಗೇ. ಆದ್ದರಿಂದ ಮೊದಲ ಸಲವೇ ಸರಿ ಮಾಡುವುದು ಅವನಿಗೂ ಲಾಭ. ಇದನ್ನು ಸ್ವರ್ಣಯುಗವೆಂದು ಹೊಗಳಲು ಮನಸ್ಸು ಬಾರದು. ಜಾತಿಗೆ ಕಟ್ಟಿಹಾಕಿದ ದುಡಿಮೆ ಅದು, ಒಲ್ಲೆ ಎನ್ನುವ ಸ್ವಾತಂತ್ರ್ಯ ಅವನಿಗಿರಲಿಲ್ಲ, ಬರಗಾಲದಲ್ಲಿ ಕಣವೇ ಬರಿದಾದರೆ ಅವನ ಪಾಲೂ ಬರಿದು. ಆದರೂ ತಪ್ಪನ್ನು ತಿದ್ದುವ ಕೂಲಿ ತಪ್ಪು ಮಾಡಿದವನ ಮೇಲೆಯೇ ಬೀಳುವ ಒಂದು ಏರ್ಪಾಡು ಅಲ್ಲಿತ್ತು. ಇಂದು ಅದೇ ಕೂಲಿ ಜಲಂಧರ್‌ನಿಂದ ಸಗಟು ಅಂಗಡಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ, ಅಲ್ಲಿಂದ ಬಡಗಿಯ ಅರ್ಧ ದಿನಕ್ಕೆ ಇಳಿದುಬಂದು ಕೂರುತ್ತದೆ. ದಿನಗೂಲಿಯ ಬಡಗಿಗೆ ಅರ್ಧ ದಿನ ಎಂದರೆ ಎಷ್ಟೋ ಸಲ ಆ ಉಳಿಯ ಬೆಲೆಗಿಂತ ಹೆಚ್ಚು.

ಕಾನೂನು ಆ ಹಳೆಯ ಏರ್ಪಾಡಿನ ಜಾಗದಲ್ಲಿ ನಿಲ್ಲಲು ನೋಡುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದಿರುವುದನ್ನೂ, ದೋಷವಿರುವ ಮಾಲನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ ಅನುಚಿತ ವ್ಯಾಪಾರವೆಂದು ಕರೆಯುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆಯದಿದ್ದರೆ 30 ದಿನ. ಗೋಡೆಯ ಮೇಲೆ ಬರೆದ “ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ” ಎಂಬ ಬೋರ್ಡು ದೋಷದ ಮಾಲಿನ ಮಟ್ಟಿಗೆ ಬರೀ ಬಣ್ಣ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂಬ ವಿನಾಯಿತಿ ಕಾಯ್ದೆಯಲ್ಲಿದೆ ನಿಜ, ಆದರೆ ಸ್ವಯಂ ಉದ್ಯೋಗದ ಹೊಟ್ಟೆಪಾಡಿಗೆ ಕೊಂಡವರನ್ನು ಅದು ಹೊರಗಿಡುವುದಿಲ್ಲ. ಒಬ್ಬನೇ ದುಡಿಯುವ ಬಡಗಿ ತನ್ನ ಉಳಿಯ ಮಟ್ಟಿಗೆ ಗ್ರಾಹಕನೇ. ಸಹಾಯವಾಣಿ 1915. ಜಿಲ್ಲಾ ಆಯೋಗಕ್ಕೆ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ದೂರುದಾರ ಇರುವ ಊರಿನಲ್ಲೇ ಸಲ್ಲಿಸಬಹುದು, ಎರಡು ವರ್ಷದೊಳಗೆ. ಇಷ್ಟೆಲ್ಲ ಇದ್ದೂ ನಾನೂರು ರೂಪಾಯಿಯ ಉಳಿಗೆ ಆಯೋಗದ ಮೆಟ್ಟಿಲು ಹತ್ತುವವರು ಯಾರು? ಕಾಯ್ದೆಯ ನಿಜವಾದ ಉಪಯೋಗ ಅಂಗಡಿಯ ಕೌಂಟರಿನಲ್ಲಿ: ಬಿಲ್ ಕೈಯಲ್ಲಿದ್ದು, 30 ದಿನ ಎಂಬ ಮಾತು ಬಾಯಲ್ಲಿದ್ದರೆ ಚರ್ಚೆಯ ಧಾಟಿಯೇ ಬದಲಾಗುತ್ತದೆ. ಆನ್‌ಲೈನ್‌ನಲ್ಲಿ ಕೊಂಡರೆ ಪೆಟ್ಟಿಗೆ ಬಿಚ್ಚಿದ ದಿನವೇ ಬೆಳಕಿಗೆ ಹಿಡಿದು, ಸ್ಕೇಲು ಫೀಲರ್ ಗೇಜಿನ ಎಲೆ ಎರಡೂ ಕಾಣುವಂತೆ ಫೋಟೊ ತೆಗೆದಿಡಿ. “ಚೆನ್ನಾಗಿಲ್ಲ” ಎಂದು ಬರೆದ ದೂರಿಗೂ “ತಳದಲ್ಲಿ 0.3 ಮಿ.ಮೀ. ಕುಳಿ” ಎಂದು ಬರೆದ ದೂರಿಗೂ ಸಿಗುವ ಮರ್ಯಾದೆ ಬೇರೆ.

ಅನುಭವಸ್ಥ ಬಡಗಿಗಳು ಈ ದಾರಿಗಳಿಗೆಲ್ಲ ಹೋಗುವುದು ಕಡಿಮೆ. ಅವರು ಮಾತನ್ನು ಹಣ ಕೊಡುವ ಮೊದಲೇ ಮುಗಿಸಿರುತ್ತಾರೆ. “ಸಾಣೆ ಹಿಡಿದು ನೋಡ್ತೀನಿ ಸೇಟೂ, ನಿಲ್ಲದಿದ್ರೆ ತರ್ತೀನಿ.” ಉತ್ತರ ಎರಡು ಥರ ಬರುತ್ತದೆ. “ಸಾಣೆ ಹಿಡಿದ್ಮೇಲೆ ಆಗಲ್ಲ” ಎಂದರೆ ಬಡಗಿ ಉಳಿಯನ್ನು ಅಲ್ಲೇ ಇಟ್ಟು ಪಕ್ಕದ ಅಂಗಡಿಗೆ ನಡೆಯುತ್ತಾನೆ. “ತಗೊಂಡ್ಹೋಗಿ ಆಚಾರ್ರೇ, ನಿಲ್ಲದಿದ್ರೆ ತನ್ನಿ, ಕಂಪನಿ ಹುಡುಗ ಬಂದಾಗ ಅವನ ತಲೆಗೆ ಕಟ್ತೀನಿ” ಎಂದರೆ ಪೆಟ್ಟಿಗೆಯಲ್ಲಿರುವ ಉಳಿಗಳನ್ನೆಲ್ಲ ಕೌಂಟರಿನ ಮೇಲೆ ಹರವಿಸಿ, ಬೆನ್ನಿಗೆ ಬೆನ್ನು ಸೇರಿಸಿ ಬಾಗಿಲ ಬೆಳಕಿಗೆ ಹಿಡಿದು, ಒಂದನ್ನು ಆರಿಸಿಕೊಳ್ಳುತ್ತಾನೆ. ಅಂಥ ಅಂಗಡಿಯಲ್ಲಿ ಬೆಲೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಇರುತ್ತದೆ. ಅದರ ಬಗ್ಗೆ ಅವನು ಚೌಕಾಶಿ ಮಾಡುವುದಿಲ್ಲ.